ಹಿಂದಿನ ಎಡಮೂಲೆ

ಹೆಣಕ್ಕೆ ನಮ್ಮೂರಲ್ಲಿ ಆರು ಜನ.
ವೀಬೆಯ ಆರ್ಗನ್ನಿಗೆ ನಾಲ್ವರು,
ಅದೂ ಹೆಸೆಲ್ ಕುಡಿಯದೆ ಬಂದಿದ್ದರೆ.
ಹಿಂದಿನ ಎಡಮೂಲೆ ನನ್ನದು.
ನನಗೆ ಸ್ವರ ಗೊತ್ತಿರಲಿಲ್ಲ, ತಾಳ ಗೊತ್ತಿರಲಿಲ್ಲ,
ಮೆಟ್ಟಿಲು ಗೊತ್ತಿತ್ತು:
ಹಾರ್ಲಿಂಗೆನ್ ಬಂದರಿನ ಪಡಖಾನೆಗೆ ಹದಿನಾಲ್ಕು,
ಸ್ನೇಕ್ ಊರಿನ ಯುವಕ ಸಂಘಕ್ಕೆ ಇಪ್ಪತ್ತೆರಡು, ನಡುವೆ ಒಂದು ತಿರುವು,
ವೀಬೆಯ ಮನೆಗೆ ಹದಿನೇಳು,
ಅದರಲ್ಲಿ ಏಳನೆಯದು ಲಡ್ಡು.

ಲೇವಾರ್ಡೆನ್ನಿನ ಸ್ಕೇಟಿಂಗ್ ಅಂಗಳ ದಿವಾಳಿಯೆದ್ದಾಗ
ಹರಾಜಿನಲ್ಲಿ ಕೊಂಡದ್ದು ಅದು.
ಹಿಂಬದಿಯ ಹಲಗೆ ಬಿಚ್ಚಿದರೆ ಇವತ್ತಿಗೂ
ಒದ್ದೆ ಉಣ್ಣೆಯ ವಾಸನೆ.
ಇಗರ್ಜಿಯಲ್ಲಿ ಮೂವತ್ತು ವರ್ಷ ಕೊಳವೆಯ ಆರ್ಗನ್ ನುಡಿಸಿದ ಅಪ್ಪ
ಅದಕ್ಕೊಂದು ಸುತ್ತು ಬಂದು
‘ಗಾಳಿ ಎಲ್ಲಿಂದ?’ ಎಂದು ಕೇಳಿದರಂತೆ.
ವೀಬೆ ಪ್ಲಗ್ಗು ತೋರಿಸಿದ.
ಮುದುಕರು ಟೋಪಿ ಹಾಕಿಕೊಂಡು ಹೊರಟುಬಿಟ್ಟರು.

ಎಪ್ಪತ್ಮೂರರ ಫೆಬ್ರವರಿ. ಬಾಗಿಲು ಮುಚ್ಚಿದ ಡೇರಿ.
ಚೀಸು ಮಾಗಿಸುತ್ತಿದ್ದ ಕೋಣೆಯಲ್ಲಿ ಮೂರು ರಾತ್ರಿ.
ತಿರುಗುವ ಕೊಂಬಿನ ಸ್ಪೀಕರನ್ನು
ಖಾಲಿ ಹಾಲಿನ ತೊಟ್ಟಿಗೆ ಇಳಿಸಿದೆವು, ಹಗ್ಗ ಕಟ್ಟಿ.
ದನಿ ತೊಟ್ಟಿಯ ಗೋಡೆ ಸವರಿಕೊಂಡು
ಮೇಲೆ ಬರುತ್ತಿತ್ತು, ಕೆನೆಗಟ್ಟಿ.

ಎರಡನೆಯ ಬದಿ ಪೂರ್ತಿ ಒಂದೇ ರಚನೆ.
ಏಳು, ಐದು, ಮತ್ತೆ ಏಳು,
ಹೆಸೆಲ್ ತುಟಿಯಲ್ಲೇ ಎಣಿಸುತ್ತ, ಬೈಯುತ್ತ ಬಾರಿಸಿದ.
ವೀಬೆಯ ಎಡಗಾಲು ಬೂಟು ಬಿಚ್ಚಿ, ಬರೀ ಕಾಲುಚೀಲದಲ್ಲಿ
ಪೆಡಲುಗಳ ಮೇಲೆ ಕತ್ತಲೆಯಲ್ಲಿ ಚಪ್ಪಲಿ ಹುಡುಕುವ ಹಾಗೆ
ತಡವುತ್ತಿತ್ತು; ತಪ್ಪಿದ್ದು ನಾನು ಕಾಣೆ.

ಹನ್ನೊಂದನೆಯ ನಿಮಿಷಕ್ಕೆ ಎಲ್ಲರೂ ನಿಲ್ಲುತ್ತಾರೆ.
ಬೆಂಕಿಕಡ್ಡಿ ಮುರಿದು ಎರಡು ಮನೆಗಳ ಸಂದಿಗೆ ಸಿಕ್ಕಿಸಿ
ವೀಬೆ ಎದ್ದು ಹೋದ.
ಒಂದೇ ಸ್ವರ, ಕೈಯಿಲ್ಲದ ಸ್ವರ,
ನೀರಿಳಿದ ಮೇಲೆ ವಾಡೆನ್ ಕಡಲಿನ ಕೆಸರಲ್ಲಿ
ಓರೆಯಾಗಿ ಕೂತ ದೋಣಿಯಂತೆ ಉಳಿಯಿತು.
ಅಲ್ಲಿ ನಾನು ಕೆಮ್ಮಿದೆ.
ಇನ್ನೊಂದು ಟೇಪಿಗೆ ದುಡ್ಡಿರಲಿಲ್ಲ.

ಮುನ್ನೂರು ಪ್ರತಿ.
ಹೊದಿಕೆಯ ಮೇಲೆ ಅವನ ಹೆಸರಲ್ಲೇ ಒಂದಕ್ಷರ ತಪ್ಪು.
ನಲವತ್ತೊಂದು ಮಾರಿದವು.
ಉಳಿದವು ದೌವೆಯ ನೆಲಮಾಳಿಗೆಯಲ್ಲಿ;
ಕಾಲುವೆ ಉಕ್ಕಿದ ವರ್ಷ
ಹೊದಿಕೆ ತೇಲಿತು, ತಟ್ಟೆ ಮುಳುಗಿತು.

ಆಮೇಲೆ ಟರ್ಶೆಲ್ಲಿಂಗ್ ದ್ವೀಪದ ಹಡಗಿನ ಟಿಕೆಟ್ ಕಿಟಕಿಯಲ್ಲಿ
ಇಪ್ಪತ್ತೊಂಬತ್ತು ವರ್ಷ.
ಜನ ಚಿಲ್ಲರೆ ತಡಕುವಾಗ
ಅವನ ಎಡಗೈ ಮೇಜಿನಂಚಿನಲ್ಲಿ ಏಳು, ಐದು, ಏಳು.
ದೂರು ಕೊಟ್ಟವರೂ ಇದ್ದರು.

ಒಸಾಕಾದಿಂದ ಒಬ್ಬ ಹಲ್ಲಿನ ಡಾಕ್ಟರು ಬಂದ.
ತಟ್ಟೆಗೆ ಅವನು ತೆತ್ತ ಬೆಲೆ ಕೇಳಿ
ಬೌಕ್ಯೆ ಕಾಫಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು.
‘ಹನ್ನೊಂದನೆಯ ನಿಮಿಷದ ಆ ಶಬ್ದ,’ ಅಂದ,
‘ಅದರ ಅರ್ಥವೇನು? ನಾನೂ ಗೆಳೆಯರೂ
ಹನ್ನೆರಡು ವರ್ಷದಿಂದ ವಾದಿಸುತ್ತಿದ್ದೇವೆ.’
ವೀಬೆ ನನ್ನ ಕಡೆ ಬೆರಳು ತೋರಿಸಿದ.
ಡಾಕ್ಟರು ಎದ್ದು, ಕೋಟಿನ ಗುಂಡಿ ಹಾಕಿಕೊಂಡು,
ನನಗೆ ಸೊಂಟ ಬಾಗಿಸಿ ನಮಿಸಿದ.
‘ಶೀತ ಆಗಿತ್ತು,’ ಅಂದೆ.

ಮೊನ್ನೆ ಮಂಗಳವಾರ ಆರ್ಗನ್ ಕೆಳಗಿಳಿಯಿತು.
ಬೌಕ್ಯೆಯ ಮೊಣಕಾಲಿಗೆ ಮೆಟ್ಟಿಲಾಗದು,
ಹೊಸ ಮನೆಯಲ್ಲಿ ಅಷ್ಟು ಜಾಗವಿಲ್ಲ.
ಇಬ್ಬರೇ ಹುಡುಗರು, ಹೆಗಲಿಗೆ ಪಟ್ಟಿ, ಗಾಲಿಯ ಯಂತ್ರ.
‘ಏಳನೆಯದು ಜೋಪಾನ!’ ಎಂದು ಕೂಗಿದೆ;
ಒಬ್ಬನ ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡಿತ್ತು.
ನನ್ನ ಕೈ ಮಾತ್ರ ಗಾಳಿಯಲ್ಲೇ
ಒಂದು ಮೂಲೆಯ ಕೆಳಗೆ ಚಾಚಿಕೊಂಡು
ಹದಿನೇಳು ಮೆಟ್ಟಿಲೂ ಹಿಂದೆ ಹೋಯಿತು.

ಮತ್ತೆ ಮೇಲೆ ಹತ್ತಿ ಬಂದರೆ
ಕಿಟಕಿಯ ಪಕ್ಕ ವೀಬೆ, ಕಾಲುಚೀಲದಲ್ಲಿ.
ಜಮಖಾನದ ಬಣ್ಣ ಮಾಸದೆ ಉಳಿದ ಚೌಕ,
ಅದರ ಮೇಲೆ ಎರಡು ಗುಂಡಿ, ಒಂದು ಸ್ಕೇಟಿನ ವಾರು,
ಬೆರಳುದ್ದ ಧೂಳು.
ಇಬ್ಬರೂ ಬಹಳ ಹೊತ್ತು ಸುಮ್ಮನೆ.
ತಡೆಯಲಾಗದೆ ಕೆಮ್ಮಿದೆ.

ತಿರುಗಿಯೂ ನೋಡಲಿಲ್ಲ ಅವನು.
‘ಅದೇ ಜಾಗ,’ ಅಂದ.