ಕೋಳಿಪುಕ್ಕದ ಪಾರಿವಾಳ

ಗಣಪತಿ ನೀರಿಗಿಳಿದ ಮರುವಾರ
ಧಾರಾವಿಯ ನಮ್ಮ ಶೆಡ್ಡಿಗೆ ಹಕ್ಕಿ ಬರುತ್ತವೆ.
ಹಾರಿ ಅಲ್ಲ, ಟೆಂಪೋ ಹತ್ತಿ:
ಬೆಂಡಿನ ಮೈ ಒಂದು ಗೋಣಿ,
ತಂತಿಯ ಕಾಲು ಒಂದು ಡಬ್ಬಿ.
ಪುಕ್ಕ ಮಾತ್ರ ಕೋಳಿಯದು,
ಸೋಪುನೀರಲ್ಲಿ ತೊಳೆದು, ತಗಡಿನ ಮೇಲೆ ಹರವಿ
ಕಾಗೆ ಕಾದದ್ದು.

ಬಿಳಿಯದಕ್ಕೆ ಬಣ್ಣ ಬೇಡ, ಅದು ಪಾರಿವಾಳ.
ಎದೆಗಷ್ಟೇ ಕೆಂಪು ಹಚ್ಚಿದರೆ
ಅದಕ್ಕೆ ಬೇರೇನೋ ಹೆಸರು.
ಶಫೀಕ್ ಭಾಯಿ ತಿಳಿಸಿದ್ದು ಇಷ್ಟೇ:
ಡಜನ್ನಿಗೆ ಹದಿನಾಲ್ಕು ರೂಪಾಯಿ,
ಕಣ್ಣು ಸೊಟ್ಟಗಾದರೆ ಕಟ್.

ಕಣ್ಣು ಕೊನೆಗೆ.
ಗಣಪನಿಗೂ ಕೊನೆಗೇ. ಇದೇ ಮೂಲೆಯಲ್ಲಿ ಕೂತು
ಕದಮ್ ಕಾಕಾ ಬರೆಯುತ್ತಿದ್ದ,
ಮಿಂದು, ಉಪವಾಸವಿದ್ದು, ಉಸಿರು ಹಿಡಿದು.
ಹಕ್ಕಿಗೆ ಅಂಥ ಮಡಿಯಿಲ್ಲ.
ಸಾಸಿವೆಯಷ್ಟು ಕರಿಮಣಿ, ಗೋಂದಿನ ಹನಿ, ಸೂಜಿಮೊನೆ.
ಆದರೂ
ಎಡಗಣ್ಣು ಕೂತಾಗ ಸುಮ್ಮನಿದ್ದದ್ದು
ಬಲಗಣ್ಣು ಕೂತೊಡನೆ
ಯಾಕೆ ಹಿಡಿದಿದ್ದೀ ಎಂಬಂತೆ ನೋಡುತ್ತದೆ.
ಬೇಗ ಡಬ್ಬಿಗೆ ಹಾಕಿಬಿಡುತ್ತೇನೆ.

ಡಿಸೆಂಬರಿನಲ್ಲಿ ಒಂದು ಸೋಮವಾರ
ಬಾಂದ್ರಾದ ಹಳೇ ಓಣಿಗೆ, ಅವರ ಗೋದಲಿಗೆಂದು,
ನಾಲ್ಕು ಡಜನ್ ನಾನೇ ಒಯ್ದೆ.
ಯೂಲೇಲಿಯಾ ಆಂಟಿ ಒಂದೊಂದನ್ನೂ
ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿಕೊಂಡಳು,
ಎಣಿಸುತ್ತ ಮರಾಠಿಯಲ್ಲಿ ಪಾಠ ಹೇಳಿದಳು:
ಇದು ಶಾಂತಿ. ಇದು ಮೇಲಿನಿಂದ ಇಳಿದ ಉಸಿರು.
ಈ ಕೆಂಪೆದೆಯದು ನೋಡು,
ಕೊಟ್ಟಿಗೆಯ ಚಳಿಯಲ್ಲಿ ಕೂಸಿಗೆ ಹಾಕಿದ ಬೆಂಕಿ ಆರದಿರಲೆಂದು
ರೆಕ್ಕೆ ಬೀಸಿ ಬೀಸಿ
ಎದೆ ಸುಟ್ಟುಕೊಂಡಿತು.

ನಾನು ನನ್ನ ಉಗುರು ನೋಡಿಕೊಂಡೆ.
ಸಂದಿಯಲ್ಲಿ ಕೂತ ಆ ಕೆಂಪು
ಎಳ್ಳುಬೆಲ್ಲದ ಹಬ್ಬ ಕಳೆದರೂ ಹೋಗುವುದಿಲ್ಲ.
ಹೇಳಿಬಿಡಲೇ ಅನ್ನಿಸಿತು:
ನಿಮ್ಮ ಶಾಂತಿ, ಆಂಟಿ,
ಕುರ್ಲಾದಲ್ಲಿ ಭಾನುವಾರ ಕೊಯ್ದದ್ದು.
ಹೇಳಲಿಲ್ಲ. ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ.
ಅವಳೇ ಮೂಸಿ ನೋಡಿ, ಕೋಂಬಡಿ! ಎಂದು
ಹಲ್ಲಿಲ್ಲದ ಬಾಯಲ್ಲಿ ನಕ್ಕಳು.
ಇರಲಿ ಬಿಡು, ಪೇತ್ರನಿಗೆ ಬುದ್ಧಿ ಬರಲಿಕ್ಕೂ
ಕೋಳಿಯೇ ಕೂಗಬೇಕಾಯಿತು.
ಯಾವ ಪೇತ್ರನೋ, ನಾನು ತಲೆಯಾಡಿಸಿದೆ.

ಮಹಡಿಯ ಕಟಾಂಜನಕ್ಕೆ ಹೋದ ವರ್ಷದ ಕಾಗದದ ನಕ್ಷತ್ರ,
ಒಂದು ಮೂಲೆ ಹರಿದು ಜೋತುಬಿದ್ದಿತ್ತು.
ಇಡೀ ಓಣಿಗೆ ದೀಪ, ಇದೊಂದು ಕತ್ತಲು.
ಬಲ್ಬು ಹೋಯಿತೇ ಆಂಟಿ?
ಶ್, ಎಂದಳು. ತೆಗೆಸಿದ್ದೇನೆ. ಬಗ್ಗಿ ನೋಡು.

ಹುಲ್ಲುಕಡ್ಡಿ, ಜರಿಯ ಚೂರು, ಯಾರದೋ ರಾಖಿಯ ದಾರ,
ನಡುವೆ ನಮ್ಮ ಶೆಡ್ಡಿನದೇ ಇರಬೇಕು, ಒಂದು ಕೆಂಪು ಪುಕ್ಕ.
ಅದರ ಮೇಲೆ ಕೂತು
ಸಿಟ್ಟಿನಿಂದ ನನ್ನನ್ನೇ ನೋಡುತ್ತಿತ್ತು,
ಎರಡೂ ಕಣ್ಣು ನೆಟ್ಟಗಿದ್ದವು.

ಇದಕ್ಕೇನು ಅರ್ಥ? ಕೇಳಿದೆ.
ಇದಕ್ಕಾ? ಅರ್ಥ ಗಿರ್ಥ ಏನಿಲ್ಲವೇ ಹುಡುಗಿ,
ಇದು ಗುಬ್ಬಿ.

ಮಾಹೀಮಿಗೆ ಒಂದೇ ಸ್ಟೇಷನ್.
ಹೆಂಗಸರ ಡಬ್ಬಿಯಲ್ಲಿ ಬಾಗಿಲ ಬಳಿ ನಿಂತಿದ್ದೆ.
ಯಾರದೋ ಕಂಕುಳ ಮಗು ಕೈಚಾಚಿ
ನನ್ನ ಜಡೆಗಂಟಿದ್ದ ಪುಕ್ಕ ಕಿತ್ತಿತು,
ಯಾವ ಹಕ್ಕಿದು? ಎಂದಿತು.

ಗೊತ್ತಿಲ್ಲ ಕಂದ, ಅಂದೆ,
ಇನ್ನೂ ಕಣ್ಣಿಟ್ಟಿಲ್ಲ.