ಮುಯ್ಯಿ ಪುಸ್ತಕ

ಕಾಗಿಣಾ ಇಳಿದು ಮೂರನೆಯ ದಿನ.
ಶಹಾಬಾದಿನ ಸಾಲಿಯೊಂದರಲ್ಲಿ
ಮಗ್ಗಿ ಬರೆದ ಗೋಡೆಯ ಕೆಳಗೆ ನನ್ನ ಮೇಜು,
ಮೇಜಿನ ಮೇಲೆ ಟ್ಯಾಬು, ಅದರ ಬಾಲಕ್ಕೆ
ಕೆಂಪು ಕಣ್ಣಿನ ಹೆಬ್ಬೆಟ್ಟಿನ ಯಂತ್ರ.
ಹೊರಗೆ ಸಾಲು. ಕೊಡ, ಕೋಳಿ, ಕೂಸು,
ಹಾಲಿನ ಪಾಕೀಟಿನಲ್ಲಿ ಸುತ್ತಿದ ಒದ್ದೆ ರೇಷನ್ ಕಾರ್ಡು.

ನಲವತ್ತೊಂದನೆಯವಳು ದೇವಕ್ಕೆಮ್ಮ.
ಹೆಬ್ಬೆಟ್ಟು ಇಟ್ಟಳು. ಯಂತ್ರ ಒಲ್ಲೆ ಅಂದಿತು.
ಸೆರಗಿಗೆ ಒರೆಸಿ ಇಟ್ಟಳು. ಒಲ್ಲೆ.
ಎಡಗೈ. ಒಲ್ಲೆ. ತೋರುಬೆರಳು, ಕಿರುಬೆರಳು,
ಹತ್ತಕ್ಕೂ ಒಂದೇ ಉತ್ತರ:
ಗುರುತು ಸಿಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ.
ಕೈ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದೆ.
ಗೆರೆಯೇ ಇಲ್ಲ. ಬೆಳಗಿದ ತಾಟಿನಷ್ಟು ನುಣುಪು.

"ಇಪ್ಪತ್ತೆರಡು ವರ್ಸ ಪಾಲಿಶ್ ಮಷಿನ್ ಮುಂದ ಕುಂತೀನ್ರಿ.
ರಾಡಿ ಕೈಲೇ ಬಳದು ಬಳದು
ಗೆರಿ ಎಲ್ಲಾ ಕಲ್ಲಿಗೇ ಹೋಗ್ಯಾವ.
ಅರ್ಧ ಕಲ್ಲು ಹೈದ್ರಾಬಾದಿಗಿ ಹೋದ್ವು,
ಉಳದಿದ್ದು ಎಲ್ಲೆಲ್ಲೋ."

ಸಾಲು ಗೊಣಗಿತು. ಯಾರೋ ಕೇಳಿದರು:
ಮ್ಯಾಲಿಂದ ಮ್ಯಾಲ ಹೊಸ ಯಂತ್ರ ತರ್ತೀರಿ, ಇದೇನು ಮಾಡ್ತದ?
ಕಲಬುರಗಿಯ ಹೋಟೆಲಿನಲ್ಲಿ ಎರಡು ದಿನ ಕಲಿಸಿದ್ದರು ನಮಗೆ,
ಪರದೆಯ ಮೇಲೆ ಚೌಕ, ಬಾಣ, ಮತ್ತೆ ಚೌಕ:
ಬ್ಲಾಕ್‌ಚೈನ್. ಕೊಂಡಿಗೆ ಕೊಂಡಿ.
ಬರೆದದ್ದು ಅಳಿಸಲಾಗದು, ನಡುವೆ ಯಾರೂ ನುಂಗಲಾಗದು.
ನನಗೆ ಸರಿಯಾಗಿ ನೆನಪಿದ್ದದ್ದು ಮಧ್ಯಾಹ್ನದ ಊಟ ಮಾತ್ರ.
ಬಾಯಿಗೆ ಬಂದದ್ದು ಹೇಳಿದೆ:

"ಲಗ್ನದಾಗ ಮುಯ್ಯಿ ಓದ್ತಾರಲ್ಲ, ಹಂಗ.
ಮೈಕಿನಾಗ ಕೂಗ್ತಾರ, ಇಂಥ ಊರು, ಇಂಥವರು,
ಐವತ್ತೊಂದು ರೂಪಾಯಿ, ಒಂದು ಕುಪ್ಪಸ.
ಹಂದರದಾಗ ಕುಂತ ಮುನ್ನೂರು ಮಂದಿ ಕೇಳ್ತಾರ.
ನಾಳಿಗಿ ಬರದಾಂವ ಪುಸ್ತಕ ತಿದ್ದಿದ್ರೂ
ಮುನ್ನೂರು ಮಂದಿ ಬಾಯಿ ತಿದ್ದಾಕ ಆಗಲ್ಲ."

ದೇವಕ್ಕೆಮ್ಮ ಎಲೆ ಅಡಿಕೆ ದವಡೆಯಿಂದ ದವಡೆಗೆ ಸರಿಸಿದಳು.
"ಹಂಗಿದ್ರ ಬೆರಳ ಯಾಕ್ರಿ? ನನ್ನ ಹೆಸರು ಕೂಗ್ರಿ."

ನಾನು ಕೂಗಲಿಲ್ಲ. ಕೂಗಿದವರು ಅವರೇ.
ಮಾಸಾಬಿ: "ನಮ್ಮ ಬಾಜೂ ಮನಿ. ಒಂದೇ ನಳ, ದಿನಾ ಜಗಳ."
ಗಿರಣಿಯ ಬಸಣ್ಣೆಪ್ಪ: "ಅರವತ್ತು ರೂಪಾಯಿ ಬಾಕಿ ಅದ. ಇಕಿನೇ, ಇಕಿನೇ."
ಒಂದು ಹುಡುಗಿ: "ನೀರು ಬಂದಾಗ ನಮ್ಮ ಆಡು ಮಾಳಗಿಗಿ ಏರಿಸಿದಾಕಿ."

ಪರದೆಯ ಮೂಲೆಯಲ್ಲಿತ್ತು, ಯಾರೂ ಒತ್ತದ ಗುಂಡಿ:
ಸಾಕ್ಷಿಯ ಮೂಲಕ. ಮೂರು ಹೆಬ್ಬೆಟ್ಟು ಬೇಕು.
ಹುಡುಗಿಯದು ನಡೆಯಲಿಲ್ಲ, ಹದಿನೆಂಟು ತುಂಬಿಲ್ಲ,
ಅವಳ ಅಜ್ಜ ಒತ್ತಿದ.
ನೆಟ್‌ವರ್ಕ್ ಇಲ್ಲ. ಮಾಳಿಗೆ ಹತ್ತಿ
ಟ್ಯಾಬನ್ನು ಆಕಾಶಕ್ಕೆ ಹಿಡಿದು ನಿಂತೆ, ಮೊಹರಮ್ಮಿನ ಪಂಜೆ ಹಿಡಿದವನ ಹಾಗೆ.
ಹಸಿರಾಯಿತು.
ಅಕ್ಕಿ ಹತ್ತು ಕಿಲೋ, ತೊಗರಿಬೇಳೆ ಎರಡು, ಚಾದರ ಒಂದು.

ಅವಳು ಹೋಗಲಿಲ್ಲ.
"ಇದು ಎಂದ ಅಳಸ್ತೀರಿ?"
ಅಳಿಸಲಾಗದು, ಅದೇ ಇದರ ಗುಣ ಎಂದೆ, ಹೆಮ್ಮೆಯಿಂದಲೇ.
"ಅಂದ್ರ ನಾ ಸತ್ತಮ್ಯಾಲೂ
ದೇವಕ್ಕೆಮ್ಮ ಅಂದ್ರ ಕೈ ಚಾಚಿದಾಕಿ ಅಂತಲೇ ಇರ್ತದ."
ಹೋಟೆಲಿನ ಪರದೆಯಲ್ಲಿ ಇದಕ್ಕೆ ಚೌಕ ಇರಲಿಲ್ಲ.
"ಮುಯ್ಯಿ ಅಂದಿರಲ್ಲ ತಮ್ಮಾ.
ಮುಯ್ಯಿ ಅಂದ್ರ ತಿರುಗಿ ಮಾಡೂದು.
ನಾ ಮಾಡಿದ್ದು ಬರಿಯೂ ಜಾಗಾ ಎಲ್ಲದ, ತೋರ್ಸು."

ಹುಡುಕಿದೆ. ಹೆಸರು, ವಯಸ್ಸು, ನಷ್ಟ,
ಪಡೆದದ್ದು, ಪಡೆದದ್ದು, ಪಡೆದದ್ದು.
ಕಟ್ಟಕಡೆಗೆ ಷರಾ ಎಂಬ ಕಂಡಿ, ಇಪ್ಪತ್ತು ಅಕ್ಷರಕ್ಕೆ ಮೀರದಂತೆ.
ಏನು ಬರೀಲಿ ಎಂದೆ.
ಅವಳು ಬಗ್ಗಿ, ಒಣಗಿ ಪದರು ಎದ್ದ ಕೆಸರನ್ನು
ಅಂಗೈಯಿಂದ ಸವರಿದಳು. ಕೆಳಗೆ ಬೂದುನೀಲಿ ಕಲ್ಲು.
"ಇವ ನನ್ನ ಕೈಯಾಗಿಂದು. ಆಗ ಸಣ್ಣಾಕಿ ಹೊಟ್ಯಾಗಿದ್ಳು."

ಬರೆದೆ: ಈ ಸಾಲಿ ಪರಸಿ ಇಕಿದು.
ಮೂರು ಅಕ್ಷರಕ್ಕೆ ಜಾಗ ಉಳಿದಿತ್ತು.
ಇನ್ನು ಯಾರೂ ಅಳಿಸಲಾರರು.

ನಲವತ್ತೆರಡು, ಎಂದು ಕೂಗಿದೆ. ಮೇಜಿನ ಕೆಳಗೆ
ಯಾರಿಗೂ ಕಾಣದ ಹಾಗೆ ಚಪ್ಪಲಿ ಬಿಚ್ಚಿದೆ.
ನೆಲ ತಣ್ಣಗಿತ್ತು.