ತಟ್ಟಿ ನೋಡುವುದು

ಸ್ಕ್ಯಾನಿಂಗ್ ಸೆಂಟರಿನ ಮುಂದಿನ ಮೇಜಿನಲ್ಲಿ
ಏಳು ವರ್ಷ ಕೂತೆ.
ಹೆಸರು, ಗಂಡನ ಹೆಸರು, ಎಷ್ಟನೇ ವಾರ, ಮೊದಲೆಷ್ಟು ಮಕ್ಕಳು,
ಫಾರಂ ತುಂಬಿಸಿ, ಹೆಬ್ಬೆಟ್ಟು ಒತ್ತಿಸಿ,
ನೀರು ಕುಡೀರಿ, ಇನ್ನೂ ಕುಡೀರಿ, ಈಗಲೇ ಹೋಗಬೇಡಿ ಅಂದು
ಕರಿ ಪರದೆಯ ಕೋಣೆಗೆ ಕಳಿಸುತ್ತಿದ್ದೆ.
ಒಬ್ಬಳು ಫಾರಮ್ಮಿನ ಕೆಳಗೆ ಐನೂರರ ನೋಟಿಟ್ಟು
ಗೋಡೆಯ ಬೋರ್ಡಿಗೆ ಬೆನ್ನು ಹಾಕಿ ಕೂತಳು.
ನೋಟು ವಾಪಸು ಕೊಟ್ಟೆ, ನೀರು ಕೊಟ್ಟೆ.
ಒಳಗೇನು ಕಾಣುತ್ತದೋ, ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ
ಕಂಡಷ್ಟೇ ನನ್ನ ಪಾಲು:
ಬೂದಿಬಣ್ಣದ ಒಂದು ಚೂರು ಬೆಳಕು.

ಮೂವತ್ತೊಂದಕ್ಕೆ ಓದೋಣ ಅನ್ನಿಸಿತು.
ಪಿಯುಸಿ ಅಂಕಪಟ್ಟಿ ಅಕ್ಕಿ ಡಬ್ಬದ ಕೆಳಗಿತ್ತು.
ಜಿರಲೆ ತಿಂದು ಮಿಕ್ಕಿದ್ದರಲ್ಲಿ ಫಿಸಿಕ್ಸ್ ಉಳಿದಿತ್ತು, ಐವತ್ತೆಂಟು.

ರಾಜಾಜಿನಗರದಲ್ಲಿ ಮೊಬೈಲ್ ಅಂಗಡಿಯ ಮೇಲಿನ ಮೂರನೇ ಮಹಡಿ.
ಕಾಫಿ ಕೊಟ್ಟರು. ಆರೇ ತಿಂಗಳು ಮೇಡಂ,
ಪ್ರೋಬು ನಿಮ್ಮ ಕೈಲಿ, ಆಮೇಲೆ ದುಬೈ.
ಗೋಡೆಯಲ್ಲಿ ಬಿಳಿಕೋಟಿನ ಹುಡುಗಿ ನಗುತ್ತಿದ್ದಳು.
ಇಳಿದು ಬಂದರೆ ಅದೇ ಹುಡುಗಿ
ಕೆಳಗಿನ ಬೋರ್ಡಿನಲ್ಲಿ ಫೋನು ಹಿಡಿದು ನಗುತ್ತಿದ್ದಳು.
ಅವರ ಮೆಷೀನಿನ ಮೈಮೇಲೆ
ಡಬ್ಬಿಯಿಂದ ಬಂದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು.

ಹೆಸರಘಟ್ಟ ರೋಡಿನದು ದೊಡ್ಡ ಕ್ಯಾಂಪಸ್ಸು. ಕಾರಂಜಿ. ನಾಲ್ಕು ಲಕ್ಷ.
ಒಬ್ಬ ಸ್ಟೂಡೆಂಟಿಗೆ ದಿನಕ್ಕೆ ಎಷ್ಟು ಪೇಷೆಂಟು ಸಾರ್, ಕೇಳಿದೆ.
ಹಾಸ್ಟೆಲ್ ಊಟ ಚೆನ್ನಾಗಿದೆ ಅಂದರು.

ಅಮ್ಮ ಮುನಿಲಕ್ಷ್ಮಮ್ಮ, ಪಾಟರಿ ಟೌನು.
ಆವಿಗೆ ಇಳಿದ ಮಡಕೆಯನ್ನು ಒಂದೊಂದಾಗಿ ಎತ್ತಿ
ಬೆರಳ ಗೆಣ್ಣಿನಿಂದ ತಟ್ಟುತ್ತಾಳೆ.
ಟಣ್ ಅಂದರೆ ಈ ಕಡೆ,
ಬೊದ್ ಅಂದರೆ ಆ ಕಡೆ.
ಬಿರುಕು ಅವಳಿಗೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.
ಕಾಲೇಜು ಕಾಲೇಜು ಅಂತ ಅಲೀತಿದ್ದೀಯಲ್ಲ, ತಟ್ಟಿ ನೋಡಿದ್ಯಾ?
ಕಾಲೇಜನ್ನ ಹೆಂಗಮ್ಮ ತಟ್ಟೋದು?
ತಟ್ಟೋಕೆ ಬಿಡದವನ ಹತ್ರ
ಯಾರೇ ಮಡಕೆ ತಗೋತಾರೆ?

ಫ್ರೇಜರ್ ಟೌನಿನ ಸಂದಿಯೊಂದರಲ್ಲಿ ಧರ್ಮಾಸ್ಪತ್ರೆ,
ಅದರ ಹಿಂಬದಿ ಶೀಟು ಹೊದಿಸಿದ ಎರಡು ಕ್ಲಾಸು.
ಕಾಫಿ ಇಲ್ಲ. ಕೂರೋಕೆ ಬೆಂಚೂ ಇಲ್ಲ, ಅದರ ತುಂಬ ಪೇಷೆಂಟುಗಳು.
ಗ್ಲಾಡಿಸ್ ಮಿಸ್ ಬಲ ಭುಜ ನೀವಿಕೊಳ್ಳುತ್ತಾ ಬಂದರು.
ಇಪ್ಪತ್ತೆರಡು ವರ್ಷಕ್ಕೆ ಇದು ಹೋಗತ್ತೆ, ಮೊದಲೇ ಹೇಳ್ತೀನಿ.
ಬಸುರಿಯ ಹೊಟ್ಟೆ ಮೇಲೆ ಡಾಕ್ಟರ ಕೈಯೇ, ಕಾನೂನು.
ಬೇರೆ ಯಾರಾದರೂ ಬೇರೆ ಹೇಳಿದರೆ
ಚಪ್ಪಲಿ ಹಾಕ್ಕೊಂಡು ಎದ್ದು ಬಾ.

ಮೆಷೀನು ಹಳೇದು. ಗುಂಡಿಗಳ ಅಕ್ಷರ ಅಳಿಸಿಹೋಗಿದೆ,
ಚಿತ್ರ ನಿಲ್ಲಿಸುವ ಗುಂಡಿಯಂತೂ
ನಮ್ಮ ಮನೆ ಒರಳಿನ ಹಾಗೆ ನಡುವೆ ಕುಳಿ ಬಿದ್ದಿದೆ.
ಎಷ್ಟು ಬೆರಳೋ.
ಬಿಸಿನೀರಿನ ಮಗ್ಗಿನಲ್ಲಿ ಜೆಲ್ಲಿನ ಬಾಟಲಿ ನಿಂತಿದೆ.
ಏಳು ವರ್ಷ ನಮ್ಮಲ್ಲಿ ಒಳಹೋದವರೆಲ್ಲ
ಸ್ಸ್ ಅಂದದ್ದು ಪರದೆಯಾಚೆ ಕೇಳಿಸಿತ್ತು ನನಗೆ,
ಚಳಿಗೆ ಅನ್ನೋದು ಹೊಳೆದಿರಲಿಲ್ಲ.

ಕೈ ಕೊಡು ಅಂದರು.
ಮಣಿಕಟ್ಟಿನ ಮೇಲೆ ಬೆಚ್ಚಗೊಂದು ತೊಟ್ಟು,
ಆಮೇಲೆ ಪ್ರೋಬಿನ ಮೂತಿ.
ಕತ್ತಲಲ್ಲಿ ಪುಟ್ಟ ಕರಿ ಗುಂಡು ಒಂದು
ಉಬ್ಬಿತು, ಇಳಿಯಿತು, ಉಬ್ಬಿತು.
ನಮಗೆ ಕೇಳಿಸದ ಸದ್ದು ಒಳಗೆ ಹೋಗಿ ತಟ್ಟಿ ಬರತ್ತೆ,
ಬಂದದ್ದನ್ನ ಓದೋದೇ ಕೆಲಸ ಅಂದರು ಮಿಸ್.
ಅವರು ಆ ಕಡೆ ತಿರುಗಿದಾಗ
ಮೆಷೀನಿನ ಪಕ್ಕೆಗೆ ಬೆರಳ ಗೆಣ್ಣಿನಿಂದ
ಮೆಲ್ಲಗೆ ಒಂದು ಸಲ ತಟ್ಟಿದೆ.
ಏನದು?
ಏನಿಲ್ಲ ಮಿಸ್.

ಫೀಜು ಮೂರು ಕಂತು. ಮೊದಲನೆಯದಕ್ಕೆ
ಅಮ್ಮನ ದೀಪಾವಳಿಯ ಹಣತೆ ದುಡ್ಡು.
ಅರ್ಜಿಯ ಕೊನೆಗೆ, ಈ ಕೋರ್ಸು ಯಾಕೆ ಅಂತ ಕೇಳಿ
ಒಂದೇ ಒಂದು ಗೆರೆ ಜಾಗ ಬಿಟ್ಟಿದ್ದರು.
ಊರವರ ಫಾರಮ್ಮು ಏಳು ವರ್ಷ ತುಂಬಿಸಿದವಳು ನಾನು,
ಬಸ್‌ಸ್ಟಾಪಿನಲ್ಲಿ ಪೆನ್ನು ಹಿಡಿದು ನಿಂತು
ಆ ಗೆರೆಗಾಗಿ ಎರಡು ಬಸ್ಸು ಬಿಟ್ಟೆ.